3200+ ಅಂದರೆ ಯಾವುದರ 3200?

2004ರ ಸುಮಾರಿಗೆ ನೀವು ಕಂಪ್ಯೂಟರ್ ಅಂಗಡಿಗೆ ಹೋಗಿ ಒಳ್ಳೆ ಪ್ರೊಸೆಸರ್ ಕೊಡಿ ಅಂದಿದ್ದರೆ ನಿಮ್ಮ ಮುಂದೆ ಮೂರು ಡಬ್ಬ ಬರುವ ಸಾಧ್ಯತೆ ಇತ್ತು. ಒಂದರ ಮೇಲೆ ಇಂಟೆಲ್ ಕಂಪನಿಯ ಪೆಂಟಿಯಂ 4, 3.2 ಗಿಗಾಹರ್ಟ್ಸ್. ಇನ್ನೊಂದರ ಮೇಲೆ ಇಂಟೆಲ್‌ನ ಎದುರಾಳಿ ಎಎಂಡಿಯ ಅಥ್ಲಾನ್ ಎಕ್ಸ್‌ಪಿ 3200+. ಮೂರನೆಯದರ ಮೇಲೆ ಎಎಂಡಿಯದೇ ಅಥ್ಲಾನ್ 64 3200+. ಮೂರಕ್ಕೂ 32ರ ನಂಟು. ಆದರೆ ಒಳಗೆ ಓಡುತ್ತಿದ್ದ ಕ್ಲಾಕ್ ನೋಡಿದರೆ ಮೊದಲನೆಯದು 3.2, ಎರಡನೆಯದು 2.2, ಮೂರನೆಯದು ಬರೀ 2.0 ಗಿಗಾಹರ್ಟ್ಸ್. ಈ ಮೂರರಲ್ಲಿ ಬಹಳಷ್ಟು ಕೆಲಸಗಳಲ್ಲಿ, ಅದರಲ್ಲೂ ಗೇಮ್‌ಗಳಲ್ಲಿ, ಮುಂದೆ ನಿಂತದ್ದು ಯಾವುದು ಗೊತ್ತಾ? ಎಲ್ಲಕ್ಕಿಂತ ಕಡಿಮೆ ಕ್ಲಾಕ್ ಇದ್ದ ಆ ಮೂರನೆಯದು.

ಹಾಗಾದರೆ ಕ್ಲಾಕ್ ಸುಳ್ಳು, 3200+ ನಿಜ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಎರಡನೇ ಡಬ್ಬಕ್ಕೂ ಅದೇ 3200+ ಇತ್ತಲ್ಲ, ಅದು ಬಹಳ ಕಡೆ ಪೆಂಟಿಯಂ 4ರ ಹಿಂದೆ ಬಿತ್ತು. ಇವತ್ತು ನಾನು ಹೇಳಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಕ್ಲಾಕ್ ಸ್ಪೀಡ್ ಒಂದು ಅಳತೆ, ಆದರೆ ವೇಗದ ಅಳತೆ ಅಲ್ಲ. 3200+ ತರಹದ ರೇಟಿಂಗ್ ವೇಗದ ಅಳತೆ, ಆದರೆ ಅದನ್ನು ಯಾವುದರ ಪಕ್ಕ ಇಟ್ಟು ಅಳೆದರು ಅನ್ನೋದರ ಮೇಲೆ ಅದರ ಆಯಸ್ಸು ನಿಂತಿದೆ. ಎದುರಾಳಿಯನ್ನೇ ಅಳತೆಗೋಲು ಮಾಡಿಕೊಂಡರೆ, ಎದುರಾಳಿ ಬದಲಾದ ದಿನ ನಿಮ್ಮ ಸಂಖ್ಯೆಗೆ ನೆಲೆಯೇ ಇರುವುದಿಲ್ಲ. ಎಎಂಡಿಗೆ ಆದದ್ದು ಅದೇ, ಅದೂ ಎರಡು ಸಲ.

ಮೊದಲು ಕ್ಲಾಕ್ ಅಂದರೆ ಏನು ಅಂತ ನೋಡೋಣ. ಪ್ರೊಸೆಸರ್ ಒಳಗೆ ಎಲ್ಲವೂ ಒಂದು ತಾಳಕ್ಕೆ ನಡೆಯುತ್ತದೆ. ಪ್ರತಿ ಟಿಕ್ಕಿಗೆ ಒಂದು ಹೆಜ್ಜೆ. 3 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಟಿಕ್. ಒಂದು ಟಿಕ್ಕಿನ ಅವಧಿಯಲ್ಲಿ ಬೆಳಕೇ ಹತ್ತು ಸೆಂಟಿಮೀಟರ್ ದಾಟುತ್ತದೆ ಅಷ್ಟೆ. ಸರಿ, ಆದರೆ ಒಂದು ಟಿಕ್ಕಿಗೆ ಎಷ್ಟು ಕೆಲಸ ಮುಗಿಯಿತು ಅಂತ ಈ ಸಂಖ್ಯೆ ಹೇಳುವುದೇ ಇಲ್ಲ. ಮನೆ ಕಟ್ಟುವ ಕಡೆ ಇಬ್ಬರು ಮರಳು ಹೊರುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ಅರ್ಧ ಬಾಂಡ್ಲಿ ತುಂಬಿಕೊಂಡು ಗಂಟೆಗೆ 60 ಸಲ ಓಡಾಡುತ್ತಾನೆ. ಇನ್ನೊಬ್ಬ ಪೂರ್ತಿ ಬಾಂಡ್ಲಿ ಹೊತ್ತು 40 ಸಲ. ಮೊದಲನೆಯವನದು 30 ಬಾಂಡ್ಲಿ, ಎರಡನೆಯವನದು 40. ಸುಮ್ನೆ ಓಡಾಟ ಎಣಿಸಿದವರು ಮೊದಲನೆಯವನಿಗೇ ಜಾಸ್ತಿ ಕೂಲಿ ಕೊಡುತ್ತಾರೆ. ಪ್ರೊಸೆಸರ್ ವಿಷಯದಲ್ಲಿ ಈ ಬಾಂಡ್ಲಿಗೆ ಐಪಿಸಿ ಅನ್ನುತ್ತಾರೆ, ಒಂದು ಟಿಕ್ಕಿಗೆ ಸರಾಸರಿ ಎಷ್ಟು ಸೂಚನೆ ಮುಗಿಯುತ್ತದೆ ಅನ್ನುವ ಲೆಕ್ಕ. ವೇಗ ಬೇಕಾದರೆ ಕ್ಲಾಕ್ ಮತ್ತು ಐಪಿಸಿ ಎರಡನ್ನೂ ಗುಣಿಸಬೇಕು.

ಇದು ಈಗಿನ ಕಥೆ ಅಂದುಕೊಳ್ಳಬೇಡಿ. 1977ರ ಆಪಲ್ 2 ಯಂತ್ರದಲ್ಲಿದ್ದ 6502 ಚಿಪ್ಪಿನ ಕ್ಲಾಕ್ ಸುಮಾರು 1 ಮೆಗಾಹರ್ಟ್ಸ್. 1981ರ ಐಬಿಎಂ ಪಿಸಿಯ 8088 ಚಿಪ್ಪಿನದು 4.77 ಮೆಗಾಹರ್ಟ್ಸ್. ಸುಮಾರು ಐದು ಪಟ್ಟು ವೇಗ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಮೆಮೊರಿಯಿಂದ ಒಂದು ಬೈಟ್ ತರಲು 8088ಕ್ಕೆ ನಾಲ್ಕು ಟಿಕ್ ಬೇಕು, 6502ಗೆ ಒಂದೇ. 4.77ನ್ನು 4ರಿಂದ ಭಾಗಿಸಿ ನೋಡಿ, 1.19 ಬರುತ್ತದೆ. ಐದು ಪಟ್ಟು ಅಂತ ಕಂಡದ್ದು ಮೆಮೊರಿ ಲೆಕ್ಕದಲ್ಲಿ ಶೇಕಡಾ 20ರ ಆಸುಪಾಸಿಗೆ ಇಳಿಯಿತು. ಪೂರ್ತಿ ಸಮ ಅಂತ ನಾನು ಹೇಳುತ್ತಿಲ್ಲ. 16 ಬಿಟ್ ಲೆಕ್ಕಗಳಲ್ಲಿ 8088 ನಿಜಕ್ಕೂ ಮುಂದೆ ಇತ್ತು. ಆದರೆ ಐದು ಪಟ್ಟು ಅಲ್ಲವೇ ಅಲ್ಲ.

ಇನ್ನೊಂದು ವಿಷಯ, ಇದು ಬಹಳ ಜನರಿಗೆ ಗೊತ್ತಿಲ್ಲ. ರೇಟಿಂಗ್ ಅಂದ ಕೂಡಲೇ ನಮಗೆ ಎಎಂಡಿ ನೆನಪಾಗುತ್ತದೆ. ಆದರೆ ಅದಕ್ಕೂ ಮುಂಚೆ, 1992ರಲ್ಲೇ, ಇಂಟೆಲ್ ತನ್ನದೇ ಒಂದು ಸೂಚ್ಯಂಕ ತಂದಿತ್ತು, ಐಕಾಂಪ್ ಅಂತ. 25 ಮೆಗಾಹರ್ಟ್ಸಿನ 486ಎಸ್‌ಎಕ್ಸ್ ಚಿಪ್ಪಿಗೆ 100 ಅಂಕ ಅಂತ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸುವುದು. ಅದರ ಪ್ರಕಾರ 66 ಮೆಗಾಹರ್ಟ್ಸಿನ 486ಡಿಎಕ್ಸ್2ಗೆ 297 ಅಂಕ. 1993ರಲ್ಲಿ ಬಂದ 66 ಮೆಗಾಹರ್ಟ್ಸಿನ ಪೆಂಟಿಯಂಗೆ 567. ಗಮನಿಸಿ, ಕ್ಲಾಕ್ ಎರಡಕ್ಕೂ 66. ಅಂಕ ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಕ್ಲಾಕ್ ನೋಡಿ ಮೋಸಹೋಗಬೇಡಿ ಅಂತ ಗ್ರಾಹಕರಿಗೆ ಮೊದಲು ಹೇಳಿದವರಲ್ಲಿ ಇಂಟೆಲ್ಲೇ ಒಬ್ಬರು. ಹೊಸ ಪೆಂಟಿಯಂ ಮಾರಬೇಕಿತ್ತು, ಹಳೇ 486ರ ಕ್ಲಾಕೂ ಅಷ್ಟೇ ಇತ್ತು, ಬೇರೆ ದಾರಿ ಇರಲಿಲ್ಲ. ಹತ್ತು ವರ್ಷದೊಳಗೆ ಅದೇ ಕಂಪನಿ ಗಿಗಾಹರ್ಟ್ಸನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ ಮಾರತೊಡಗಿತು. ಯಾವ ಸಂಖ್ಯೆ ತಮಗೆ ಅನುಕೂಲವೋ ಅದನ್ನು ಮುಂದೆ ಇಡುವುದು ಎಲ್ಲ ಕಂಪನಿಗಳ ಸ್ವಭಾವ, ಇದರಲ್ಲಿ ಪಕ್ಷಪಾತ ಬೇಡ.

ಈಗ 1996ಕ್ಕೆ ಬರೋಣ. ಎಎಂಡಿ, ಸೈರಿಕ್ಸ್, ಐಬಿಎಂ, ಎಸ್‌ಜಿಎಸ್ ಥಾಮ್ಸನ್ ಈ ನಾಲ್ವರು ಚಿಪ್ ತಯಾರಕರು ಸೇರಿ ಪಿ-ರೇಟಿಂಗ್ ಅಂತ ತಂದರು. ಜನ ಅದನ್ನು ಪಿಆರ್ ಅಂತಲೇ ಕರೆದರು. ಜಿಫ್ ಡೇವಿಸ್ ಕಂಪನಿಯ ವಿನ್‌ಸ್ಟೋನ್ 96 ಅನ್ನುವ ಪರೀಕ್ಷೆ ಓಡಿಸಬೇಕು. ಅದು ಆಫೀಸ್ ಕೆಲಸದ ತಂತ್ರಾಂಶಗಳ ಪರೀಕ್ಷೆ, ಅಂದರೆ ಬರಹ, ಲೆಕ್ಕದ ಹಾಳೆ ಇಂಥವು. ಯಾವ ಪೆಂಟಿಯಂಗೆ ಸಮ ಬಂತೋ ಆ ಪೆಂಟಿಯಂನ ಮೆಗಾಹರ್ಟ್ಸ್ ನಿಮ್ಮ ಚಿಪ್ಪಿನ ಹೆಸರಾಗುತ್ತದೆ. ಸೈರಿಕ್ಸ್ 6ಎಕ್ಸ್86ರ ಪಿ166+ ಓಡುತ್ತಿದ್ದದ್ದು 133 ಮೆಗಾಹರ್ಟ್ಸಿನಲ್ಲಿ. ಪಿ200+ ಓಡುತ್ತಿದ್ದದ್ದು 150ರಲ್ಲಿ. ಎಎಂಡಿಯ ಕೆ5 ಪಿಆರ್166 ಬರೀ 116.7ರಲ್ಲಿ.

ಇದರಲ್ಲಿ ಮೋಸ ಇತ್ತಾ? ಇರಲಿಲ್ಲ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪಿಆರ್ ಅಂದರೆ ಸುಳ್ಳು ಸಂಖ್ಯೆ ಅಂತ ಈಗಲೂ ಹೇಳುವವರಿದ್ದಾರೆ. ಆಫೀಸ್ ಕೆಲಸದಲ್ಲಿ ಆ ಸೈರಿಕ್ಸ್ ಚಿಪ್ಪುಗಳು ನಿಜವಾಗಿಯೂ ಆ ಪೆಂಟಿಯಂಗಳಿಗೆ ಸಮ ಇದ್ದವು, ಕೆಲವು ಕಡೆ ಮೇಲೂ ಇದ್ದವು. ಪಿ200+ ಚಿಪ್ಪಿಗೆ 75 ಮೆಗಾಹರ್ಟ್ಸಿನ ಬಸ್, ಅಂದರೆ ಚಿಪ್ಪಿಗೂ ಮೆಮೊರಿಗೂ ನಡುವೆ ಮಾಹಿತಿ ಓಡುವ ದಾರಿ, ಬೇಕಿತ್ತು, ಪೆಂಟಿಯಂನದು 66. ಆ ವೇಗದ ಬಸ್ಸಿನಿಂದಲೂ ಅದಕ್ಕೆ ಸ್ವಲ್ಪ ಬಲ ಬರುತ್ತಿತ್ತು. ಆದರೆ ಎಲ್ಲ ಮದರ್‌ಬೋರ್ಡುಗಳೂ 75ರಲ್ಲಿ ನೆಟ್ಟಗೆ ಓಡುತ್ತಿರಲಿಲ್ಲ, ಅದು ಇನ್ನೊಂದು ತಲೆನೋವು.

ತೊಂದರೆ ಬಂದದ್ದು ಎಲ್ಲಿಂದ ಅಂದರೆ ಒಂದು ಗೇಮಿನಿಂದ. ಅದೇ 1996ರ ಜೂನಿನಲ್ಲಿ ಕ್ವೇಕ್ ಬಂತು. ಅದರಲ್ಲಿ ಗೋಡೆಯ ಚಿತ್ರವನ್ನು ದೂರಕ್ಕೆ ತಕ್ಕಂತೆ ಸರಿಯಾಗಿ ಕೂರಿಸಲು ಪದೇಪದೇ ಭಾಗಾಕಾರ ಮಾಡಬೇಕು, ಅದೂ ದಶಮಾಂಶದ ಭಾಗಾಕಾರ. ಅದನ್ನು ಬರೆದವರು ಪ್ರತಿ 16 ಪಿಕ್ಸೆಲ್‌ಗೆ ಒಂದು ಭಾಗಾಕಾರ ಅಂತ ಇಟ್ಟುಕೊಂಡರು. ಪೆಂಟಿಯಂನಲ್ಲಿ ಈ ಭಾಗಾಕಾರ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಪೂರ್ಣಾಂಕದ ಸೂಚನೆಗಳು ಓಡುತ್ತಿರುತ್ತವೆ, ಹಾಗಾಗಿ ಭಾಗಾಕಾರ ಹೆಚ್ಚುಕಡಿಮೆ ಬಿಟ್ಟಿ ಸಿಕ್ಕ ಹಾಗೆ. ಇಡೀ ಕೋಡನ್ನು ಈ ಗುಣಕ್ಕೆ ಹೊಂದಿಸಿ ಬರೆದಿದ್ದರು. ಸೈರಿಕ್ಸಿನ ದಶಮಾಂಶ ಘಟಕ ಹಾಗೆ ಪೈಪ್‌ಲೈನ್, ಅಂದರೆ ಒಂದು ಕೆಲಸ ಮುಗಿಯುವ ಮೊದಲೇ ಮುಂದಿನದನ್ನು ಶುರು ಮಾಡುವ ಹಂತಗಳ ಸಾಲು, ಆಗಿರಲಿಲ್ಲ. ಫಲಿತಾಂಶ, ವರ್ಡ್ ತೆಗೆದರೆ ಪೆಂಟಿಯಂ 166ಕ್ಕೆ ಸಮ ನಿಲ್ಲುತ್ತಿದ್ದ ಚಿಪ್ಪು ಕ್ವೇಕ್ ತೆಗೆದರೆ ತೆವಳುತ್ತಿತ್ತು. ಆ ರೇಟಿಂಗ್ ನಂಬಿ ಕೊಂಡ ಹುಡುಗರಿಗೆ ಎಷ್ಟು ಬೇಜಾರಾಗಿರಬೇಕು ಯೋಚಿಸಿ. ಅವರ ತಪ್ಪಿಲ್ಲ, ರೇಟಿಂಗ್ ಕೊಟ್ಟವರೂ ಸುಳ್ಳು ಹೇಳಿಲ್ಲ. ಒಂದೇ ಬಗೆಯ ಕೆಲಸದ ಪರೀಕ್ಷೆಯಿಂದ ಬಂದ ಸಂಖ್ಯೆಯನ್ನು ಇಡೀ ಚಿಪ್ಪಿನ ಹೆಸರು ಮಾಡಿದ್ದೇ ತೊಂದರೆ. 1997ರಲ್ಲಿ ಕೆ6 ಬಂದಾಗ ಎಎಂಡಿ ಪಿಆರ್ ಬಿಟ್ಟು ನೇರ ಮೆಗಾಹರ್ಟ್ಸಿಗೆ ಮರಳಿತು. ಸೈರಿಕ್ಸನ್ನು ಅದೇ ವರ್ಷ ನ್ಯಾಷನಲ್ ಸೆಮಿಕಂಡಕ್ಟರ್ ಕೊಂಡಿತು, 1999ರಲ್ಲಿ ಅದು ವಿಯಾ ಕಂಪನಿಯ ಕೈಗೆ ಹೋಯಿತು.

ಆಮೇಲಿನ ಮೂರು ವರ್ಷ ಬರೀ ಓಟ. 2000ನೇ ಇಸವಿ ಮಾರ್ಚ್ 6ರಂದು ಎಎಂಡಿ 1 ಗಿಗಾಹರ್ಟ್ಸಿನ ಅಥ್ಲಾನ್ ಬಿಡುಗಡೆ ಮಾಡಿತು. ಎರಡೇ ದಿನ ಬಿಟ್ಟು ಇಂಟೆಲ್ ತನ್ನ 1 ಗಿಗಾಹರ್ಟ್ಸಿನ ಪೆಂಟಿಯಂ 3 ತಂದಿತು. ಆ ಓಟದ ಅವಸರ ಎಷ್ಟಿತ್ತು ಅಂದರೆ ಅದೇ ವರ್ಷ ತಂದ 1.13 ಗಿಗಾಹರ್ಟ್ಸಿನ ಪೆಂಟಿಯಂ 3 ಸ್ಥಿರವಾಗಿ ಓಡುವುದಿಲ್ಲ ಅಂತ ವಿಮರ್ಶಕರು ತೋರಿಸಿದ ಮೇಲೆ ಆಗಸ್ಟಿನಲ್ಲಿ ಇಂಟೆಲ್ ಅದನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು.

ಇಲ್ಲಿಂದ ಮುಂದೆ ವಿಷಯ ರುಚಿಯಾಗುತ್ತದೆ, ಸ್ವಲ್ಪ ನಿಧಾನಕ್ಕೆ ಹೋಗೋಣ. 2000ದ ನವೆಂಬರ್ 20ರಂದು ಪೆಂಟಿಯಂ 4 ಬಂತು, 1.4 ಮತ್ತು 1.5 ಗಿಗಾಹರ್ಟ್ಸ್. ಪೆಂಟಿಯಂ 3ರಲ್ಲಿ ಒಂದು ಸೂಚನೆ ಸುಮಾರು 10 ಹಂತದ ಪೈಪ್‌ಲೈನ್ ದಾಟಿ ಮುಗಿಯುತ್ತಿತ್ತು. ಪೆಂಟಿಯಂ 4ರಲ್ಲಿ ಅದನ್ನು 20 ಹಂತ ಮಾಡಿದರು. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿದರೆ ಪ್ರತಿ ತುಂಡಿಗೆ ಕಡಿಮೆ ಸಮಯ ಸಾಕು, ಟಿಕ್ ಬೇಗ ಬೇಗ ಹೊಡೆಯಬಹುದು, ಕ್ಲಾಕ್ ಮೇಲೇರುತ್ತದೆ. ಆದರೆ ಪ್ರೋಗ್ರಾಮಿನಲ್ಲಿ ಹೀಗಾದರೆ ಇದು ಮಾಡು, ಇಲ್ಲವಾದರೆ ಅದು ಮಾಡು ಅನ್ನುವ ಕವಲುಗಳು ಪ್ರತಿ ಐದಾರು ಸೂಚನೆಗೆ ಒಂದು ಬರುತ್ತವೆ. ಯಾವ ಕಡೆ ಹೋಗಬೇಕು ಅಂತ ಪ್ರೊಸೆಸರ್ ಮೊದಲೇ ಊಹಿಸಿ ಮುಂದಿನ ಕೆಲಸ ಶುರು ಮಾಡಿರುತ್ತದೆ. ಊಹೆ ತಪ್ಪಿತೋ, ಹಂತಗಳಲ್ಲಿ ತುಂಬಿದ್ದನ್ನೆಲ್ಲ ಎಸೆದು ಹೊಸದಾಗಿ ತುಂಬಬೇಕು. 10 ಹಂತ ಇದ್ದಾಗ ಆಗುತ್ತಿದ್ದ ನಷ್ಟ 20 ಹಂತಕ್ಕೆ ದುಪ್ಪಟ್ಟು. ಹಾಗಾಗಿ 1.5 ಗಿಗಾಹರ್ಟ್ಸಿನ ಪೆಂಟಿಯಂ 4 ಅನೇಕ ದಿನಬಳಕೆಯ ತಂತ್ರಾಂಶಗಳಲ್ಲಿ 1 ಗಿಗಾಹರ್ಟ್ಸಿನ ಪೆಂಟಿಯಂ 3ಕ್ಕಿಂತ ಹೇಳಿಕೊಳ್ಳುವಷ್ಟು ಮುಂದೆ ಇರಲಿಲ್ಲ, ಕೆಲವು ಕಡೆ ಹಿಂದೆಯೇ ಬಿತ್ತು. ವಿಡಿಯೊ ಎನ್‌ಕೋಡಿಂಗ್ ತರಹದ, ಒಂದೇ ಬಗೆಯ ಕೆಲಸ ಸಾಲಾಗಿ ಹರಿಯುವ ಕಡೆ ಅದು ನಿಜಕ್ಕೂ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

2001ರ ಆಗಸ್ಟ್ ಹೊತ್ತಿಗೆ ಪೆಂಟಿಯಂ 4 2 ಗಿಗಾಹರ್ಟ್ಸ್ ಮುಟ್ಟಿತು. ಎಎಂಡಿಯ ಕೈಯಲ್ಲಿದ್ದದ್ದು 1.4. ಅಂಗಡಿಗೆ ಬರುವವರು ಕೇಳುತ್ತಿದ್ದ ಮೊದಲ ಪ್ರಶ್ನೆ ಎಷ್ಟು ಗಿಗಾಹರ್ಟ್ಸ್ ಅಂತ. ನಮ್ಮ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಅಷ್ಟೆ, ಅಮೆರಿಕದ ಮಾಲ್‌ಗಳಲ್ಲೂ ಅಷ್ಟೆ. ಇದೇ ತೊಂದರೆ ಆಪಲ್‌ಗೂ ಇತ್ತು. 2001ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಅವರು ವೇದಿಕೆ ಮೇಲೆಯೇ 867 ಮೆಗಾಹರ್ಟ್ಸಿನ ಜಿ4 ಯಂತ್ರವನ್ನು 1.7 ಗಿಗಾಹರ್ಟ್ಸಿನ ಪೆಂಟಿಯಂ 4 ಪಕ್ಕ ಇಟ್ಟು ಫೋಟೋಶಾಪ್ ಓಡಿಸಿ ತೋರಿಸಿದರು. ಅವರೇ ಆರಿಸಿದ ಕೆಲಸ, ಜಿ4ಗೆ ಹೊಂದುವ ಕೆಲಸ, ಜಿ4 ಗೆದ್ದಿತು. ಪೈಪ್‌ಲೈನ್ ಬಗ್ಗೆ ಅವರು ಕೊಟ್ಟ ವಿವರಣೆ ಸರಿ ಇತ್ತು. ಆದರೆ ಒಂದು ಕೆಲಸದ ಗೆಲುವನ್ನು ಇಡೀ ಯಂತ್ರದ ಗೆಲುವು ಅಂತ ತೋರಿಸುವುದು ಸರಿಯಲ್ಲ, ಅಲ್ವಾ?

ಎಎಂಡಿ ಮತ್ತೆ ರೇಟಿಂಗಿಗೆ ಹೋಯಿತು. 2001ರ ಅಕ್ಟೋಬರಿನಲ್ಲಿ ಅಥ್ಲಾನ್ ಎಕ್ಸ್‌ಪಿ ಬಂತು. 1.33 ಗಿಗಾಹರ್ಟ್ಸಿಗೆ 1500+, 1.4ಕ್ಕೆ 1600+, 1.47ಕ್ಕೆ 1700+, 1.53ಕ್ಕೆ 1800+. ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಪ್ರತಿ 66.7 ಮೆಗಾಹರ್ಟ್ಸಿಗೆ ಸರಿಯಾಗಿ 100 ಅಂಕ ಏರುತ್ತದೆ. ಮೆಗಾಹರ್ಟ್ಸನ್ನು ಒಂದೂವರೆಯಿಂದ ಗುಣಿಸಿ 500 ಕಳೆಯಿರಿ, ಹೆಸರು ಬರುತ್ತದೆ. ಪ್ರತಿಯೊಂದು ಚಿಪ್ಪನ್ನೂ ಬೇರೆಬೇರೆಯಾಗಿ ಅಳೆದು ಇಟ್ಟ ಹೆಸರಾಗಿದ್ದರೆ ಇಷ್ಟು ನೀಟಾಗಿ ಒಂದು ಗೆರೆ ಮೇಲೆ ಕೂರುತ್ತಿರಲಿಲ್ಲ. ಇದರ ಅರ್ಥ ರೇಟಿಂಗ್ ಖೊಟ್ಟಿ ಅಂತ ಅಲ್ಲ. ಒಂದು ಕಂತೆ ಪರೀಕ್ಷೆಗಳನ್ನು ಓಡಿಸಿದ್ದರು, ಅದನ್ನು ಆರ್ಥರ್ ಆಂಡರ್ಸನ್ ಅನ್ನುವ ಲೆಕ್ಕಪರಿಶೋಧಕರಿಂದ ತಪಾಸಣೆಯನ್ನೂ ಮಾಡಿಸಿದ್ದರು. ಆದರೆ ಡಬ್ಬದ ಮೇಲಿನ ಹೆಸರು ಒಂದು ಸೂತ್ರದಿಂದ ಬಂದದ್ದು, ಮತ್ತು ಆ ಸೂತ್ರ ಕ್ಲಾಕಿನ ಮೇಲೆಯೇ ನಿಂತಿತ್ತು.

ಎಎಂಡಿ ಅಧಿಕೃತವಾಗಿ ಹೇಳಿದ್ದು ಈ ಅಂಕ ಹಳೆಯ ಅಥ್ಲಾನಿಗೆ ಹೋಲಿಸಿ ಕೊಟ್ಟದ್ದು ಅಂತ. ಯಾರೂ ಹಾಗೆ ಓದಲಿಲ್ಲ. 1800+ ಅಂದರೆ ಪೆಂಟಿಯಂ 4 1.8ಕ್ಕೆ ಸಮ ಅಥವಾ ಮೇಲು ಅಂತಲೇ ಎಲ್ಲರೂ ಓದಿದರು, ಓದಲಿ ಅಂತಲೇ ಆ ಸಂಖ್ಯೆ ಇಟ್ಟದ್ದು ಅಂತ ನನ್ನ ಅಭಿಪ್ರಾಯ. ಮೊದಲ ವರ್ಷ ಆ ಹೋಲಿಕೆ ಸರಿಯಾಗಿಯೇ ಇತ್ತು, ಸ್ವಲ್ಪ ವಿನಯದ ಸಂಖ್ಯೆ ಅಂತಲೇ ಹೇಳಬಹುದು. 1800+ ಬಹಳ ಕೆಲಸಗಳಲ್ಲಿ 2 ಗಿಗಾಹರ್ಟ್ಸಿನ ಪೆಂಟಿಯಂ 4ಕ್ಕೂ ಸಮ ನಿಂತಿತು.

ಆಮೇಲೆ ಏನಾಯಿತು? ಪೆಂಟಿಯಂ 4 ಸುಮ್ಮನೆ ಕೂರಲಿಲ್ಲ. 2002ರ ಜನವರಿಯಲ್ಲಿ ಅದರ ಕ್ಯಾಶ್, ಅಂದರೆ ಚಿಪ್ಪಿನೊಳಗಿನ ಸಣ್ಣ ವೇಗದ ಮೆಮೊರಿ, 256 ಕಿಲೋಬೈಟಿನಿಂದ 512 ಆಯಿತು. ಬಸ್ 400ರಿಂದ 533 ಆಯಿತು, 2003ರಲ್ಲಿ 800 ಆಯಿತು. ಅಂದರೆ ಅದೇ ಒಂದು ಗಿಗಾಹರ್ಟ್ಸಿಗೆ ಪೆಂಟಿಯಂ 4 ಮೊದಲಿಗಿಂತ ಜಾಸ್ತಿ ಕೆಲಸ ಮಾಡತೊಡಗಿತು. ಎಎಂಡಿ ಕಟ್ಟಿಕೊಂಡಿದ್ದ ಅಳತೆಗೋಲೇ ಉದ್ದ ಬದಲಾಯಿಸಿತು. ಅದಕ್ಕೆ ಹೊಂದಲು ಎಎಂಡಿಯೂ ಸೂತ್ರ ತಿದ್ದುತ್ತ ಹೋಯಿತು, ಅದರಿಂದ ವಿಚಿತ್ರ ಫಲಿತಾಂಶಗಳು ಬಂದವು. 2.08 ಗಿಗಾಹರ್ಟ್ಸಿನ ಚಿಪ್ಪಿಗೆ 256 ಕಿಲೋಬೈಟ್ ಕ್ಯಾಶ್ ಇದ್ದರೆ 2600+ ಅಂತ ಹೆಸರು. ಅದೇ 2.08ಕ್ಕೆ 512 ಇದ್ದರೆ 2800+. ಬಾರ್ಟನ್ ಅಂತ ಕರೆಯುತ್ತಿದ್ದ ಮಾದರಿ ಅದು. ಕ್ಯಾಶ್ ದುಪ್ಪಟ್ಟಾದದ್ದಕ್ಕೆ 200 ಅಂಕ. ಇನ್ನೂ ಒಂದು ನೋಡಿ. ಹಳೆಯ ಮಾದರಿಯ 2800+ ಓಡುತ್ತಿದ್ದದ್ದು 2.25ರಲ್ಲಿ, ಬಾರ್ಟನ್ 3000+ ಓಡುತ್ತಿದ್ದದ್ದು 2.17ರಲ್ಲಿ. ಹೆಸರು ಮೇಲೆ, ಕ್ಲಾಕ್ ಕೆಳಗೆ. ಕ್ಯಾಶ್ ದೊಡ್ಡದಾದರೆ ಲಾಭ ಆಗುವ ಕೆಲಸದಲ್ಲಿ 3000+ ಗೆಲ್ಲುತ್ತಿತ್ತು, ಬರೀ ಲೆಕ್ಕದ ಕೆಲಸದಲ್ಲಿ 2800+ ಗೆಲ್ಲುತ್ತಿತ್ತು. 2003ರ ಮೇ ತಿಂಗಳಲ್ಲಿ ಬಂದ ಎಕ್ಸ್‌ಪಿ 3200+ ಆ ಹೆಸರಿಗೆ ತಕ್ಕ ಹಾಗಿಲ್ಲ ಅಂತ ಅನೇಕ ವಿಮರ್ಶಕರು ನೇರವಾಗಿಯೇ ಬರೆದರು.

ಮಧ್ಯೆ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಆ ಕಾಲದಲ್ಲಿ ಅಸೆಂಬಲ್ಡ್ ಕಂಪ್ಯೂಟರ್ ಜೋಡಿಸುತ್ತಿದ್ದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಬಾರ್ಟನ್ 2500+ ಅಂದರೆ 166 ಮೆಗಾಹರ್ಟ್ಸಿನ ಬಸ್ ಇಂಟು 11, ಅಂದರೆ 1.83 ಗಿಗಾಹರ್ಟ್ಸ್. 3200+ ಅಂದರೆ 200 ಇಂಟು 11. ಗುಣಕ ಒಂದೇ. ಒಳ್ಳೆ ಮದರ್‌ಬೋರ್ಡೂ ಮೆಮೊರಿಯೂ ಇದ್ದರೆ ಬಯಾಸ್ ಅನ್ನುವ ಸೆಟ್ಟಿಂಗ್ ತೆರೆಯೊಳಗೆ ಹೋಗಿ ಬಸ್ಸನ್ನು 166ರಿಂದ 200 ಮಾಡುವುದು, ಮತ್ತೆ ಆನ್ ಮಾಡಿದರೆ ತೆರೆ ಮೇಲೆ ಅಥ್ಲಾನ್ ಎಕ್ಸ್‌ಪಿ 3200+ ಅಂತಲೇ ಬರುತ್ತಿತ್ತು. ಬಹಳಷ್ಟು ಚಿಪ್ಪುಗಳು ಹಾಗೆ ಸಲೀಸಾಗಿ ಓಡುತ್ತಿದ್ದವು. ಕಡಿಮೆ ದುಡ್ಡಿನ ಚಿಪ್ಪು ತಂದು ಮೇಲಿನ ಚಿಪ್ಪಿನ ಕೆಲಸ ತೆಗೆದ ವಿದ್ಯಾರ್ಥಿಗಳು ಎಷ್ಟೋ ಜನ. ನನಗೆ ಆ ಚಿಪ್ಪಿನ ಮೇಲೆ ಈಗಲೂ ಪ್ರೀತಿ ಇದೆ.

ಸರಿ, 2003ರ ಸೆಪ್ಟೆಂಬರಿಗೆ ಬರೋಣ. ಅಥ್ಲಾನ್ 64 ಬಂತು. ಇದರಲ್ಲಿ ಮೆಮೊರಿ ನಿಯಂತ್ರಕವನ್ನು ಮದರ್‌ಬೋರ್ಡಿನ ಚಿಪ್‌ಸೆಟ್ಟಿನಿಂದ ಕಿತ್ತು ಪ್ರೊಸೆಸರ್ ಒಳಗೇ ಇಟ್ಟರು. ಇದು ಯಾಕೆ ಅಷ್ಟು ಮುಖ್ಯ? ಮೆಮೊರಿಯಿಂದ ಒಂದು ಮಾಹಿತಿ ಬರಲು ಸುಮಾರು 100 ನ್ಯಾನೋಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. 2 ಗಿಗಾಹರ್ಟ್ಸಿನ ಚಿಪ್ಪಿಗೆ ಅದು 200 ಟಿಕ್ ಕಾಯುವುದು. 3.2ರ ಚಿಪ್ಪಿಗೆ 320 ಟಿಕ್. ಎರಡೂ ಕಾಯುವುದು ಅಷ್ಟೇ ಹೊತ್ತು, ಕ್ಲಾಕ್ ಜಾಸ್ತಿ ಇದ್ದವನು ಜಾಸ್ತಿ ಟಿಕ್ ವ್ಯರ್ಥ ಮಾಡುತ್ತಾನೆ ಅಷ್ಟೆ. ಆ ಕಾಯುವ ಹೊತ್ತನ್ನೇ ಕಡಿಮೆ ಮಾಡಿದ್ದು ಅಥ್ಲಾನ್ 64. ಅದಕ್ಕೇ ಶುರುವಿನಲ್ಲಿ ಹೇಳಿದ ಆ ಮೂರನೇ ಡಬ್ಬ ಬರೀ 2 ಗಿಗಾಹರ್ಟ್ಸಿನಲ್ಲಿ ಮುಂದೆ ನಿಂತದ್ದು.

ಆದರೆ ಹೆಸರಿನ ಗೊಂದಲ ಈಗ ಇನ್ನೂ ಜಾಸ್ತಿಯಾಯಿತು. 2.0 ಗಿಗಾಹರ್ಟ್ಸ್, 1 ಮೆಗಾಬೈಟ್ ಕ್ಯಾಶ್ ಇದ್ದದ್ದು ಅಥ್ಲಾನ್ 64 3200+. ಆಮೇಲೆ ಬಂದ 2.2 ಗಿಗಾಹರ್ಟ್ಸ್, ಅರ್ಧ ಮೆಗಾಬೈಟ್ ಇದ್ದದ್ದೂ 3200+. ಬೇರೆ ಸಾಕೆಟ್ಟಿನ 2.0 ಗಿಗಾಹರ್ಟ್ಸ್, ಅರ್ಧ ಮೆಗಾಬೈಟ್, ಎರಡು ಮೆಮೊರಿ ಚಾನೆಲ್ ಇದ್ದದ್ದೂ 3200+. ಮುಂದೆ ಅಗ್ಗದ ಸೆಂಪ್ರಾನ್ ಸಾಲಿನಲ್ಲೂ ಒಂದು 3200+ ಬಂತು, 1.8 ಗಿಗಾಹರ್ಟ್ಸ್. ಸೆಂಪ್ರಾನಿನ ಅಳತೆಗೋಲು ಪೆಂಟಿಯಂ ಅಲ್ಲ, ಇಂಟೆಲ್‌ನ ಅಗ್ಗದ ಸೆಲೆರಾನ್. ಅಂದರೆ ಒಂದೇ ಸಂಖ್ಯೆ, ಬೇರೆಬೇರೆ ಅಳತೆ. ಸೆಂಪ್ರಾನ್ 3200+ ಕೊಂಡು ಅಥ್ಲಾನ್ 64 3200+ ವೇಗ ಬಂತು ಅಂದುಕೊಂಡವರಿಗೆ ಯಾರು ಉತ್ತರ ಹೇಳಬೇಕು? ಇದು ಗ್ರಾಹಕರಿಗೆ ಮಾಡಿದ ಅನ್ಯಾಯ ಅಂತ ನಾನು ಖಂಡಿತ ಹೇಳುತ್ತೇನೆ.

ಇತ್ತ ಇಂಟೆಲ್ ಮನೆಯೊಳಗೂ ಕಥೆ ಬದಲಾಗುತ್ತಿತ್ತು. ಇಸ್ರೇಲಿನ ಹೈಫಾದಲ್ಲಿದ್ದ ಅವರ ತಂಡ ಲ್ಯಾಪ್‌ಟಾಪಿಗೆಂದು ಪೆಂಟಿಯಂ ಎಂ ಮಾಡಿತು, 2003ರ ಮಾರ್ಚಿನಲ್ಲಿ ಬಂತು. ಅದರ 1.6 ಗಿಗಾಹರ್ಟ್ಸಿನ ಮಾದರಿ 2.4ರ ಪೆಂಟಿಯಂ 4 ಲ್ಯಾಪ್‌ಟಾಪಿಗೆ ಸಲೀಸಾಗಿ ಸಾಟಿ ಕೊಡುತ್ತಿತ್ತು, ಬ್ಯಾಟರಿಯೂ ಬಹಳ ಹೊತ್ತು ಬರುತ್ತಿತ್ತು. ಆದರೆ ಎಷ್ಟು ಗಿಗಾಹರ್ಟ್ಸ್ ಅಂತ ಕೇಳಲು ಇಂಟೆಲ್ಲೇ ಜನರಿಗೆ ಕಲಿಸಿಬಿಟ್ಟಿತ್ತಲ್ಲ! ಇನ್ನೊಂದು ಕಡೆ 2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ 4ಗೆ 31 ಹಂತದ ಪೈಪ್‌ಲೈನ್, 100 ವ್ಯಾಟ್ ಮೀರುವ ಬಿಸಿ. ಕ್ಲಾಕ್ ಏರಿಸಬೇಕಾದರೆ ವೋಲ್ಟೇಜ್ ಏರಿಸಬೇಕು, ವಿದ್ಯುತ್ ಖರ್ಚು ಕ್ಲಾಕಿನ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಂತೆ ಏರುತ್ತದೆ. ಅದರ ಮೇಲೆ 90 ನ್ಯಾನೋಮೀಟರ್ ತಯಾರಿಕೆಯ ಆ ತಲೆಮಾರಿನಲ್ಲಿ ಟ್ರಾನ್ಸಿಸ್ಟರುಗಳಿಂದ ಸೋರಿಕೆ ವಿಪರೀತ. 2004ರ ಮೇನಲ್ಲಿ ಮುಂದಿನ ಚಿಪ್ಪಿನ ಯೋಜನೆ ಟೆಜಾಸನ್ನು ಕೈಬಿಟ್ಟರು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ 4 ಬರುವುದಿಲ್ಲ ಅಂತ ಹೇಳಿದರು. 3.8ಕ್ಕೆ ಆ ಓಟ ನಿಂತಿತು. ಅದೇ ವರ್ಷ ಇಂಟೆಲ್ಲೂ ಡಬ್ಬದ ಮೇಲೆ ಗಿಗಾಹರ್ಟ್ಸ್ ಬದಲು ಮಾದರಿ ಸಂಖ್ಯೆ ಹಾಕಲು ಶುರು ಮಾಡಿತು. 3.6ರ ಪೆಂಟಿಯಂ 4ಗೆ 560, 2.0ರ ಪೆಂಟಿಯಂ ಎಂಗೆ 755.

ಈಗ ಎಎಂಡಿಯ ಎರಡನೇ ಪೆಟ್ಟು. ಪೆಂಟಿಯಂ 4 ನಿಂತೇಹೋಯಿತು, ಆದರೆ ಅದಕ್ಕೆ ಕಟ್ಟಿದ ರೇಟಿಂಗ್ ಏರುತ್ತಲೇ ಇತ್ತು. 2007ರಲ್ಲಿ ಅಥ್ಲಾನ್ 64 ಎಕ್ಸ್2 6000+ ಬಂತು, 3 ಗಿಗಾಹರ್ಟ್ಸಿನ ಎರಡು ಕೋರ್, ಅಂದರೆ ಒಂದೇ ಚಿಪ್ಪಿನೊಳಗೆ ಎರಡು ಪ್ರೊಸೆಸರ್ ಇದ್ದ ಹಾಗೆ. 6000+ ಅಂದರೆ ಯಾವುದರ 6000? 6 ಗಿಗಾಹರ್ಟ್ಸಿನ ಪೆಂಟಿಯಂ 4 ಎಂದೂ ಹುಟ್ಟಲಿಲ್ಲ. ಅಷ್ಟು ಹೊತ್ತಿಗೆ, 2006ರ ಜುಲೈನಲ್ಲೇ, ಪೆಂಟಿಯಂ ಎಂ ವಂಶದ ಕೋರ್ 2 ಡ್ಯುಯೋ ಬಂದಿತ್ತು. ಅದರಲ್ಲಿ 2.4 ಗಿಗಾಹರ್ಟ್ಸಿನ ಇ6600 ಈ 6000+ಗೆ ಸರಿಸುಮಾರು ಸಮ. ಈಗ ಕಡಿಮೆ ಕ್ಲಾಕಿನಲ್ಲಿ ಜಾಸ್ತಿ ಕೆಲಸ ಮಾಡುತ್ತಿದ್ದವರು ಇಂಟೆಲ್. ಎಎಂಡಿಯ ರೇಟಿಂಗ್ ಹುಟ್ಟಿದ್ದೇ ಎದುರಾಳಿಯ ಕ್ಲಾಕ್ ಜಾಸ್ತಿ ನಮ್ಮದು ಕಡಿಮೆ ಅನ್ನುವ ಕಾರಣಕ್ಕೆ, ಆ ಕಾರಣವೇ ತಿರುಗಿಬಿತ್ತು. 2007ರ ಕೊನೆಯಲ್ಲಿ ಬಂದ ಎಎಂಡಿಯ ಫಿನಮ್ ಚಿಪ್ಪುಗಳ ಮೇಲೆ ಪ್ಲಸ್ ಚಿಹ್ನೆ ಇರಲಿಲ್ಲ.

ನಮ್ಮ ಊರಿನ ಮಾತೊಂದು ಇಲ್ಲಿ ಸೇರಿಸಲೇಬೇಕು. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಜಿಯಾನ್ 7400 ಸಾಲು, ಡನ್ನಿಂಗ್ಟನ್ ಅಂತ ಒಳಹೆಸರು, ಆರು ಕೋರಿನ ಸರ್ವರ್ ಚಿಪ್ಪು, ಅದರ ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. ಅದರ ಅತಿ ವೇಗದ ಮಾದರಿಯ ಕ್ಲಾಕ್ 2.66 ಗಿಗಾಹರ್ಟ್ಸ್. ನಾಲ್ಕು ವರ್ಷ ಹಿಂದಿನ 3.8ರ ಪೆಂಟಿಯಂ 4ಕ್ಕಿಂತ ಒಂದು ಗಿಗಾಹರ್ಟ್ಸಿಗೂ ಮಿಕ್ಕಿ ಕಡಿಮೆ. ಅದಕ್ಕಾಗಿ ಯಾರೂ ಅದನ್ನು ನಿಧಾನದ ಚಿಪ್ಪು ಅನ್ನಲಿಲ್ಲ.

ಕ್ಲಾಕಿನ ಹಿಂದೆ ಹೋಗುವ ತಪ್ಪನ್ನು ಆಮೇಲೆ ಎಎಂಡಿಯೇ ಮಾಡಿತು ಅನ್ನೋದು ನನಗೆ ಬಹಳ ಬೇಸರದ ಅಧ್ಯಾಯ. 2011ರಲ್ಲಿ ಬಂದ ಬುಲ್ಡೋಜರ್ ಹೆಚ್ಚು ಕ್ಲಾಕಿಗೆಂದೇ ಮಾಡಿದ ವಿನ್ಯಾಸ. 2013ರಲ್ಲಿ ಅದರ ವಂಶದ ಎಫ್‌ಎಕ್ಸ್ 9590 ಚಿಪ್ಪು 5 ಗಿಗಾಹರ್ಟ್ಸ್ ಮುಟ್ಟಿತು, 220 ವ್ಯಾಟ್ ಕುಡಿದು. ಅದೇ ವರ್ಷದ ಇಂಟೆಲ್ ಕೋರ್ ಐ7 4770ಕೆ ಗರಿಷ್ಠ 3.9 ಗಿಗಾಹರ್ಟ್ಸ್, 84 ವ್ಯಾಟ್. ಬಹುತೇಕ ಕೆಲಸಗಳಲ್ಲಿ ಇಂಟೆಲ್‌ನದೇ ಮೇಲುಗೈ. ಮೆಗಾಹರ್ಟ್ಸ್ ನಂಬಬೇಡಿ ಅಂತ ವರ್ಷಗಟ್ಟಲೆ ಜನರಿಗೆ ತಿಳಿಹೇಳಿದ ಕಂಪನಿ ಎಎಂಡಿ.

ಹಾಗಾದರೆ ಪರೀಕ್ಷೆಗಳನ್ನೇ ನಂಬಿದರೆ ಸಾಕಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆ ಪ್ರಶ್ನೆ. ಪರೀಕ್ಷೆಯನ್ನು ಯಾರು ಬರೆದರು ಅಂತ ನೋಡಬೇಕು. ಮೊದಲ ಪೆಂಟಿಯಂ 4 ಕಾಲದ ಪರೀಕ್ಷಾ ಅಂಕಗಳನ್ನು ಇಂಟೆಲ್ ತನಗೆ ಬೇಕಾದ ಹಾಗೆ ಮಾಡಿಸಿತ್ತು ಅಂತ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಇಂಟೆಲ್ ಆರೋಪ ಒಪ್ಪಲಿಲ್ಲ, ಆದರೆ 2014ರಲ್ಲಿ ರಾಜಿಯಾಗಿ, ಆ ಅವಧಿಯಲ್ಲಿ ಕೊಂಡವರಿಗೆ ತಲಾ 15 ಡಾಲರ್ ಕೊಡಲು ಒಪ್ಪಿತು. ಸಿಸ್‌ಮಾರ್ಕ್ ಅನ್ನುವ ಪರೀಕ್ಷೆ ಮಾಡುವ ಬ್ಯಾಪ್ಕೋ ಒಕ್ಕೂಟದಿಂದ 2011ರಲ್ಲಿ ಎಎಂಡಿ, ಎನ್ವಿಡಿಯಾ, ವಿಯಾ ಮೂರೂ ಹೊರಬಂದವು. ಫೋನಿನಲ್ಲೂ ಇದೇ ಹಾಡು. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಕೆಲವು ಪರೀಕ್ಷೆಗಳ ಹೆಸರು ಗುರುತಿಸಿ ಆಗ ಮಾತ್ರ ಗ್ರಾಫಿಕ್ಸ್ ಕ್ಲಾಕನ್ನು 480ರಿಂದ 532 ಮೆಗಾಹರ್ಟ್ಸಿಗೆ ಏರಿಸುತ್ತಿದ್ದದ್ದು ಪತ್ತೆಯಾಯಿತು. ಹಾಗಂತ ಪರೀಕ್ಷೆಗಳೆಲ್ಲ ಕೆಟ್ಟವು ಅಂತಲ್ಲ. ಇವತ್ತಿನ ಗೀಕ್‌ಬೆಂಚ್ 6ನ್ನು ನೋಡಿ. ಕೋರ್ ಐ7 12700 ಚಿಪ್ಪಿಗೆ 2500 ಅಂಕ ಅಂತ ಇಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸುತ್ತಾರೆ. 486ಎಸ್‌ಎಕ್ಸಿಗೆ 100 ಅಂತ ಇಟ್ಟ ಐಕಾಂಪ್ ಕ್ರಮವೇ ಇದು. ಒಳ್ಳೆಯದೇನೆಂದರೆ ಅಳತೆಗೋಲು ಯಾವುದು ಅಂತ ಬಹಿರಂಗವಾಗಿ ಹೇಳಿದ್ದಾರೆ, ಅದು ನಡುವೆ ಬದಲಾಗುವುದಿಲ್ಲ, ಮತ್ತು ಯಾವ ಯಾವ ಕೆಲಸಕ್ಕೆ ಎಷ್ಟು ಅಂಕ ಬಂತು ಅಂತ ಬಿಡಿಬಿಡಿಯಾಗಿ ನೋಡಬಹುದು. 1996ರ ಸೈರಿಕ್ಸ್ ಗ್ರಾಹಕರಿಗೆ ಡಬ್ಬದ ಮೇಲೆ ಹಾಗೆ ಎರಡು ಸಂಖ್ಯೆ ಕೊಟ್ಟಿದ್ದರೂ, ಆಫೀಸ್ ಕೆಲಸಕ್ಕೆ ಒಂದು, ದಶಮಾಂಶ ಲೆಕ್ಕಕ್ಕೆ ಒಂದು, ಆ ಕಂಪನಿಯ ಮೇಲಿನ ನಂಬಿಕೆ ಉಳಿಯುತ್ತಿತ್ತು ಅಂತ ನನಗನ್ನಿಸುತ್ತದೆ.

ಕೊನೆಗೆ, ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕು ಅಂದರಲ್ಲ, ಆ ಮುಂದಿನ ಸಾಲಿನವರಿಗೆ. ಎಎಂಡಿ ಚಿಪ್ಪಿನ 7000 ಸಾಲಿನ ಲ್ಯಾಪ್‌ಟಾಪ್ ನೋಡುತ್ತಿದ್ದೀರಿ ಅಂದಿರಿ. ಅದರಲ್ಲಿ ನಾಲ್ಕು ಅಂಕಿಯ ಮೂರನೆಯದನ್ನು ನೋಡಿ. ರೈಜೆನ್ 5 7520ಯು ಅಂದರೆ ಮೂರನೇ ಅಂಕಿ 2, ಒಳಗಿರುವುದು ಹಳೆಯ ಝೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯು ಅಂದರೆ ಝೆನ್ 3, ಆರು ಕೋರ್. 7540ಯು ಅಂದರೆ ಝೆನ್ 4, ಅದೂ ಆರು ಕೋರ್. ಮೂರಕ್ಕೂ ರೈಜೆನ್ 5 ಅಂತಲೇ ಹೆಸರು, ಹೆಸರಿನಲ್ಲಿ ಹತ್ತು ಹತ್ತರ ವ್ಯತ್ಯಾಸ ಅಷ್ಟೆ, ಆದರೆ ಒಳಗೆ ಬೇರೆಬೇರೆ ತಲೆಮಾರು. ಡಬ್ಬದ ಮೇಲೆ ಬರೆದ ಗರಿಷ್ಠ ಗಿಗಾಹರ್ಟ್ಸ್ ಕೆಲವೇ ಕ್ಷಣ, ಅದೂ ಒಂದೆರಡು ಕೋರಿಗೆ ಸಿಗುವುದು. ಅದು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಲ್ಯಾಪ್‌ಟಾಪ್ ಮಾಡಿದವರು ಆ ಚಿಪ್ಪಿಗೆ 15 ವ್ಯಾಟ್ ಬಿಟ್ಟಿದ್ದಾರಾ 28 ಬಿಟ್ಟಿದ್ದಾರಾ, ಫ್ಯಾನ್ ಹೇಗಿದೆ ಅನ್ನೋದರ ಮೇಲೆ ನಿಂತಿದೆ. ಒಂದೇ ಚಿಪ್ಪು ಎರಡು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೇರೆಬೇರೆ ವೇಗ ಕೊಡುತ್ತದೆ. ಇದನ್ನು ಡಬ್ಬದ ಮೇಲೆ ಬರೆಯುವುದಿಲ್ಲ. ಆ ಮಾದರಿಯ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಅರ್ಧ ಗಂಟೆ ಸತತ ಓಡಿಸಿ, ಚಾರ್ಜರ್ ಹಾಕಿ ಒಂದು ಸಲ, ತೆಗೆದು ಒಂದು ಸಲ ಅಳೆದಿರುವ ವಿಮರ್ಶೆ ಹುಡುಕಿ. ಅವಳು ಓದುವುದು ವಾಸ್ತುಶಿಲ್ಪ ಅಂದಿರಲ್ಲ, ಹಾಗಾದರೆ ಅವಳ ಕಾಲೇಜಿನಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ ಅಂತ ಮೊದಲು ಕೇಳಿಕೊಳ್ಳಿ, ಆ ತಂತ್ರಾಂಶದ ಅಂಕ ಇರುವ ವಿಮರ್ಶೆ ಸಿಕ್ಕಿದರೆ ಉಳಿದ ಸಂಖ್ಯೆಗಳನ್ನು ನೋಡುವ ಅಗತ್ಯವೇ ಇಲ್ಲ.